ಹೊಸ ಮನೆಗೆ ದೂರವಾಣಿ ಮತ್ತು ಅಂತರಜಾಲ ಸಂಪರ್ಕ: ಮಿತವ್ಯಯದ ಆಯ್ಕೆಗಾಗಿ ನಾಗರಿಕರಿಗೆ ಮಾಹಿತಿ

ಪೀಠಿಕೆ

ಹೊಸ ಮನೆಗೆ ವಾಸ ಬದಲಿಸುವ ಕುಟುಂಬವು ವಿದ್ಯುತ್, ನೀರು ಮತ್ತು ಅಡುಗೆ ಅನಿಲದ ಸಂಪರ್ಕಗಳ ಜೊತೆಗೆ ದೂರವಾಣಿ ಹಾಗೂ ಅಂತರಜಾಲ ಸಂಪರ್ಕವನ್ನೂ ಪಡೆಯಬೇಕಾಗುತ್ತದೆ. ವಿದ್ಯುತ್ ದರವನ್ನು ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ. ಮೊಬೈಲ್ ಹಾಗೂ ಬ್ರಾಡ್‌ಬ್ಯಾಂಡ್ ಸೇವೆಗಳ ದರವನ್ನು ಬಹುಮಟ್ಟಿಗೆ ಆಯಾ ಕಂಪನಿಗಳೇ ನಿರ್ಧರಿಸುತ್ತವೆ. ಆದಕಾರಣ ಆಯ್ಕೆಯ ಹೊಣೆ ಗ್ರಾಹಕರ ಮೇಲೆಯೇ ಇರುತ್ತದೆ. 2024ರ ಜುಲೈ ತಿಂಗಳಲ್ಲಿ ಪ್ರಮುಖ ಖಾಸಗಿ ಮೊಬೈಲ್ ಕಂಪನಿಗಳು ಏಕಕಾಲದಲ್ಲಿ ದರ ಏರಿಸಿದ ನಂತರ ಈ ವೆಚ್ಚವು ಅನೇಕ ಕುಟುಂಬಗಳ ಮಾಸಿಕ ಆಯವ್ಯಯದಲ್ಲಿ ಗಮನಾರ್ಹ ಬಾಬತ್ತಾಗಿದೆ.

ಈ ಮಾಹಿತಿಯ ಉದ್ದೇಶ ಎರಡು. ಮೊದಲನೆಯದು, ತಿಂಗಳ ದರಕ್ಕೆ ಮಾರುಹೋಗದೆ ಇಡೀ ವರ್ಷದ ವೆಚ್ಚವನ್ನು ಲೆಕ್ಕ ಹಾಕುವ ಕ್ರಮವನ್ನು ತಿಳಿಸುವುದು. ಎರಡನೆಯದು, ವೆಚ್ಚ ಉಳಿಸುವ ಭರದಲ್ಲಿ ಹಳೆಯ ಮೊಬೈಲ್ ಸಂಖ್ಯೆಯನ್ನು ಕಳೆದುಕೊಳ್ಳದಂತೆ ನಾಗರಿಕರನ್ನು ಎಚ್ಚರಿಸುವುದು.

1. ಮೊದಲು ಹಳೆಯ ಸಂಖ್ಯೆಯ ರಕ್ಷಣೆ

ಇಂದು ಮೊಬೈಲ್ ಸಂಖ್ಯೆಯು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ಆಧಾರ್, ಬ್ಯಾಂಕ್ ಖಾತೆ, ಸೇವಾ ಸಿಂಧು ಖಾತೆ, ಡಿಜಿಲಾಕರ್ ಮೊದಲಾದವುಗಳಿಗೆ ಒಂದೇ ಸಂಖ್ಯೆ ಜೋಡಣೆಯಾಗಿರುತ್ತದೆ. ಸರ್ಕಾರದ ಸೇವೆಗೆ ಅರ್ಜಿ ಸಲ್ಲಿಸಿದಾಗ ಒಂದು ಬಾರಿಯ ಗುಪ್ತಸಂಖ್ಯೆ (ಓಟಿಪಿ) ಬರುವುದು ಈ ಸಂಖ್ಯೆಗೇ. ಸಂಖ್ಯೆ ನಿಷ್ಕ್ರಿಯಗೊಂಡರೆ ಅರ್ಜಿ ಅರ್ಧಕ್ಕೆ ನಿಲ್ಲಬಹುದು. ಎಲ್ಲ ದಾಖಲೆಗಳಲ್ಲಿ ಸಂಖ್ಯೆಯನ್ನು ಬದಲಿಸಲು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ.

ಈ ಸಂಬಂಧ ಗಮನಿಸಬೇಕಾದ ನಿಯಮಗಳು ಈ ಕೆಳಕಂಡಂತಿವೆ.

ಅ) ಪ್ರೀಪೇಯ್ಡ್ ಸಂಖ್ಯೆಯನ್ನು ಸತತ 90 ದಿನ ಯಾವುದೇ ರೀತಿಯಲ್ಲಿ ಬಳಸದಿದ್ದರೆ ಕಂಪನಿಯು ಅದನ್ನು ನಿಷ್ಕ್ರಿಯಗೊಳಿಸಬಹುದು. ಕರೆ ಮಾಡುವುದು, ಕರೆ ಸ್ವೀಕರಿಸುವುದು, ಸಂದೇಶ ಕಳುಹಿಸುವುದು, ಡೇಟಾ ಬಳಸುವುದು ಇವೆಲ್ಲವೂ ಬಳಕೆಯೆಂದು ಪರಿಗಣಿತವಾಗುತ್ತವೆ.

ಆ) ಖಾತೆಯಲ್ಲಿ 20 ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತ ಇದ್ದಲ್ಲಿ, 90 ದಿನ ಬಳಸದಿದ್ದರೂ ಸಂಖ್ಯೆಯನ್ನು ಕೂಡಲೇ ರದ್ದುಪಡಿಸುವಂತಿಲ್ಲ. ಆ ಮೊತ್ತದಿಂದ ಶುಲ್ಕ ಕಡಿತಗೊಳಿಸಿ ಅವಧಿಯನ್ನು ವಿಸ್ತರಿಸಬೇಕೆಂಬ ನಿಯಮವು 2013ರಿಂದ ಜಾರಿಯಲ್ಲಿದೆ. ಇದಕ್ಕಾಗಿ ಖಾತೆಯಲ್ಲಿರಬೇಕಾದುದು ಮಾತಿನ ಮೊತ್ತ, ಅಂದರೆ ಮುಖ್ಯ ಖಾತೆಯ ಶಿಲ್ಕು. ಅವಧಿ ಮುಗಿದ ಡೇಟಾ ಪ್ಯಾಕ್ ಇದಕ್ಕೆ ಸಲ್ಲುವುದಿಲ್ಲ.

ಇ) ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ನಂತರ ಮತ್ತೊಬ್ಬ ಗ್ರಾಹಕರಿಗೆ ಹಂಚಬಹುದಾಗಿದೆ. ಹಾಗಾದಲ್ಲಿ ಹಳೆಯ ಗ್ರಾಹಕರ ಬ್ಯಾಂಕ್ ಸಂದೇಶಗಳು ಅಪರಿಚಿತರ ಕೈಸೇರುವ ಸಾಧ್ಯತೆಯುಂಟು.

ಊರಿನಲ್ಲಿರುವ ವೃದ್ಧ ತಂದೆತಾಯಿಯರ ಸಂಖ್ಯೆ, ಮನೆಯಲ್ಲಿ ಎರಡನೆಯ ಸಿಮ್ ಆಗಿ ಇಟ್ಟುಕೊಂಡ ಸಂಖ್ಯೆ, ಆಧಾರ್ ಜೋಡಣೆಗೆಂದು ಮಾತ್ರ ಬಳಸುತ್ತಿದ್ದ ಸಂಖ್ಯೆ ಇವುಗಳೇ ಹೆಚ್ಚಾಗಿ ಹೀಗೆ ರದ್ದಾಗುವಂಥವು. ಮನೆ ಬದಲಿಸುವ ಮುನ್ನ ಕುಟುಂಬದ ಎಲ್ಲ ಸಂಖ್ಯೆಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಯಾವ ದಾಖಲೆ ಜೋಡಣೆಯಾಗಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಸೂಕ್ತ.

2. ಹೊಸ ವಿಳಾಸದಲ್ಲಿ ಯಾವ ಸೇವೆ ಲಭ್ಯವಿದೆ

ದರ ಎಷ್ಟೇ ಕಡಿಮೆಯಿದ್ದರೂ ಮನೆಯೊಳಗೆ ಸಂಕೇತ ದೊರೆಯದ ಸೇವೆಯಿಂದ ಪ್ರಯೋಜನವಿಲ್ಲ. ಬಾಡಿಗೆ ಕರಾರಿಗೆ ಸಹಿ ಮಾಡುವ ಮೊದಲೇ ಈ ಕೆಳಗಿನ ಪರಿಶೀಲನೆ ನಡೆಸುವುದು ಒಳಿತು.

ಅ) ಮನೆ ನೋಡಲು ಹೋದಾಗ ಅಡುಗೆಮನೆ, ಮಲಗುವ ಕೋಣೆ ಹಾಗೂ ಮಹಡಿಯಲ್ಲಿ ನಿಂತು ಕರೆ ಮಾಡಿ ನೋಡಬೇಕು. ಕರಾವಳಿ ಹಾಗೂ ಮಲೆನಾಡಿನ ದಪ್ಪನೆಯ ಜಂಬಿಟ್ಟಿಗೆ ಗೋಡೆಗಳ ಮನೆಗಳಲ್ಲಿ ಹೊರಗೆ ದೊರೆಯುವ ಸಂಕೇತ ಒಳಗೆ ದೊರೆಯದಿರಬಹುದು.

ಆ) ಸೇವಾ ಗುಣಮಟ್ಟದ 2024ರ ನಿಯಮಗಳ ಪ್ರಕಾರ ಮೊಬೈಲ್ ಕಂಪನಿಗಳು ತಮ್ಮ ಸೇವಾ ವ್ಯಾಪ್ತಿಯ ನಕ್ಷೆಯನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಬೇಕು. ಹೊಸ ವಿಳಾಸವನ್ನು ಆ ನಕ್ಷೆಯಲ್ಲಿ ನೋಡಬಹುದು.

ಇ) ತಂತಿ ಮೂಲಕ ಬರುವ ಅಂತರಜಾಲದ ವಿಷಯದಲ್ಲಿ ನೆರೆಮನೆಯವರನ್ನು ವಿಚಾರಿಸುವುದೇ ಉತ್ತಮ ಮಾರ್ಗ. ಯಾವ ಸಂಸ್ಥೆಯ ಕೇಬಲ್ ಆ ಬೀದಿಯವರೆಗೆ ಬಂದಿದೆ, ಮಳೆಗಾಲದಲ್ಲಿ ಎಷ್ಟು ಬಾರಿ ಕಡಿತವಾಗುತ್ತದೆ, ದುರಸ್ತಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಈ) ವಸತಿ ಸಮುಚ್ಚಯಗಳಲ್ಲಿ ಎಷ್ಟು ಸಂಸ್ಥೆಗಳಿಗೆ ಕೇಬಲ್ ಎಳೆಯಲು ಅವಕಾಶವಿದೆ ಎಂಬುದನ್ನು ನಿವಾಸಿಗಳ ಸಂಘದಿಂದ ತಿಳಿಯಬೇಕು. ಒಂದೇ ಸಂಸ್ಥೆಯಿದ್ದಲ್ಲಿ ಮುಂದೆ ದರ ಏರಿದಾಗ ಬೇರೆಡೆಗೆ ಹೋಗುವ ಅವಕಾಶ ಕಡಿಮೆ.

3. ಸಂಪರ್ಕದ ಬಗೆಗಳು

ದೃಗ್ತಂತು (ಫೈಬರ್) ಸಂಪರ್ಕ: ಗಾಜಿನ ಎಳೆಯ ಮೂಲಕ ಮನೆಯವರೆಗೆ ಬರುವ ಸಂಪರ್ಕ. ವೇಗ ಸ್ಥಿರವಾಗಿರುತ್ತದೆ. ಇದರೊಂದಿಗೆ ಸ್ಥಿರ ದೂರವಾಣಿಯೂ ದೊರೆಯುತ್ತದೆ. ಸರ್ಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್, ಖಾಸಗಿ ಕಂಪನಿಗಳು ಹಾಗೂ ಸ್ಥಳೀಯ ಕೇಬಲ್ ನಿರ್ವಾಹಕರ ಮೂಲಕ ಇದು ಲಭ್ಯ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತಿತ್ತು. ಫೈಬರ್ ಉಪಕರಣಕ್ಕೆ ಮನೆಯ ವಿದ್ಯುತ್ ಅಗತ್ಯ. ವಿದ್ಯುತ್ ಕಡಿತ ಹೆಚ್ಚಿರುವ ಊರುಗಳಲ್ಲಿ ರೂಟರಿಗೆ ಚಿಕ್ಕ ಬ್ಯಾಟರಿಯ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಕರೆ ಹಾಗೂ ಅಂತರಜಾಲ ಎರಡೂ ಒಟ್ಟಿಗೆ ನಿಲ್ಲುತ್ತವೆ.

ನಿಸ್ತಂತು ಗೃಹ ಸಂಪರ್ಕ: 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಸೇವೆ ಆರಂಭವಾದ ನಂತರ, 2023ರಿಂದ ಕಂಪನಿಗಳು ಮನೆಯ ಹೊರಗೋಡೆ ಅಥವಾ ತಾರಸಿಯ ಮೇಲೆ ಗ್ರಾಹಕ ಉಪಕರಣ ಅಳವಡಿಸಿ ಅಂತರಜಾಲ ನೀಡುತ್ತಿವೆ. ಕೇಬಲ್ ಬಾರದ ಬಡಾವಣೆಗಳಿಗೆ ಇದು ಅನುಕೂಲ. ಗೋಪುರದಿಂದ ಇರುವ ದೂರ ಮತ್ತು ಸಂಜೆಯ ವೇಳೆಯ ಬಳಕೆದಾರರ ಸಂಖ್ಯೆಗೆ ಅನುಗುಣವಾಗಿ ವೇಗದಲ್ಲಿ ಏರಿಳಿತವಾಗಬಹುದು.

ಮೊಬೈಲ್ ಡೇಟಾ: ಒಬ್ಬರು ಅಥವಾ ಇಬ್ಬರು ಮಾತ್ರ ಇರುವ, ಹಗಲು ಹೊತ್ತು ಹೊರಗೇ ಕಳೆಯುವ ಕುಟುಂಬಕ್ಕೆ ಇದೇ ಸಾಕಾಗಬಹುದು. ಫೋನಿನ ಹಾಟ್‌ಸ್ಪಾಟ್ ಮೂಲಕ ಲ್ಯಾಪ್‌ಟಾಪ್ ಅನ್ನೂ ಬಳಸಬಹುದು.

ಸಾರ್ವಜನಿಕ ವೈಫೈ: 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಪಿಎಂ-ವಾಣಿ ಯೋಜನೆಯಡಿ ಅಂಗಡಿ, ಚಹಾ ಕೇಂದ್ರ ಮೊದಲಾದವುಗಳಲ್ಲಿ ಸಣ್ಣ ಮೊತ್ತಕ್ಕೆ ಅಂತರಜಾಲ ಪಡೆಯಬಹುದು. ಭಾರತ್‌ನೆಟ್ ಯೋಜನೆಯು ಗ್ರಾಮ ಪಂಚಾಯಿತಿಗಳಿಗೆ ದೃಗ್ತಂತು ಸಂಪರ್ಕ ಕಲ್ಪಿಸುವ ಉದ್ದೇಶ ಹೊಂದಿದೆ. ಗ್ರಾಮಸ್ಥರು ಮನೆಗೆ ಸಂಪರ್ಕ ದೊರೆಯುವುದೇ ಎಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಬಹುದು.

4. ವರ್ಷದ ವೆಚ್ಚವನ್ನು ಲೆಕ್ಕ ಹಾಕುವ ಕ್ರಮ

ಜಾಹೀರಾತಿನಲ್ಲಿ ಕಾಣುವ ಮೊತ್ತವೇ ಪೂರ್ಣ ವೆಚ್ಚವಲ್ಲ. ಈ ಕೆಳಗಿನ ಅಂಶಗಳನ್ನು ಸೇರಿಸಬೇಕು. (ಇಲ್ಲಿ ಬಳಸಿದ ದರಗಳು ಲೆಕ್ಕ ತೋರಿಸುವುದಕ್ಕಾಗಿ ಮಾತ್ರ, ಯಾವುದೇ ಕಂಪನಿಯ ದರಗಳಲ್ಲ.)

ಅ) ದಿನಗಳ ಲೆಕ್ಕ: 28 ದಿನಗಳ ಪ್ಯಾಕ್ ಅನ್ನು ತಿಂಗಳ ಪ್ಯಾಕ್ ಎಂದು ಭಾವಿಸಬಾರದು. ವರ್ಷಕ್ಕೆ 12 ಅಲ್ಲ, 13 ಬಾರಿ ರೀಚಾರ್ಜ್ ಮಾಡಬೇಕಾಗುತ್ತದೆ. 28 ದಿನಕ್ಕೆ 280 ರೂ. ಎಂದರೆ ದಿನಕ್ಕೆ 10 ರೂ.; 30 ದಿನಕ್ಕೆ 290 ರೂ. ಎಂದರೆ ದಿನಕ್ಕೆ ಸುಮಾರು 9.67 ರೂ. ನೋಡಲು ದುಬಾರಿಯಾದ ಎರಡನೆಯದೇ ವಾಸ್ತವದಲ್ಲಿ ಅಗ್ಗ. ಬೆಲೆಯನ್ನು ದಿನಗಳಿಂದ ಭಾಗಿಸಿ ಹೋಲಿಸಬೇಕು. ಪ್ರತಿ ಕಂಪನಿಯೂ 30 ದಿನಗಳ ಅವಧಿಯ ಪ್ಯಾಕ್ ಹಾಗೂ ಪ್ರತಿ ತಿಂಗಳು ಅದೇ ದಿನಾಂಕದಂದು ನವೀಕರಿಸುವ ಪ್ಯಾಕ್ ಒದಗಿಸಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2022ರ ಜನವರಿಯಲ್ಲಿ ಆದೇಶಿಸಿದೆ. ಅಂಗಡಿಯವರು ಹೇಳದಿದ್ದರೂ ಕೇಳಿ ಪಡೆಯಬಹುದು.

ಆ) ತೆರಿಗೆ: ದೂರಸಂಪರ್ಕ ಸೇವೆಗಳ ಮೇಲೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಪ್ರೀಪೇಯ್ಡ್ ರೀಚಾರ್ಜ್ ಬೆಲೆಯಲ್ಲಿ ಸಾಮಾನ್ಯವಾಗಿ ತೆರಿಗೆ ಸೇರಿರುತ್ತದೆ. ಬ್ರಾಡ್‌ಬ್ಯಾಂಡ್ ಹಾಗೂ ಪೋಸ್ಟ್‌ಪೇಯ್ಡ್ ಜಾಹೀರಾತುಗಳಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ. 500 ರೂ. ಎಂದು ಪ್ರಕಟಿಸಿದ ಬ್ರಾಡ್‌ಬ್ಯಾಂಡ್‌ಗೆ ತಿಂಗಳಿಗೆ 590 ರೂ., ವರ್ಷಕ್ಕೆ 7,080 ರೂ. ತಗಲುತ್ತದೆ.

ಇ) ಆರಂಭಿಕ ವೆಚ್ಚ: ಅಳವಡಿಕೆ ಶುಲ್ಕ, ರೂಟರಿನ ಬೆಲೆ ಅಥವಾ ಬಾಡಿಗೆ, ಭದ್ರತಾ ಠೇವಣಿ, ಹೆಚ್ಚುವರಿ ಕೇಬಲ್ಲಿನ ಶುಲ್ಕ ಇವುಗಳನ್ನು ಪ್ರತ್ಯೇಕವಾಗಿ ಕೇಳಬೇಕು. ಅಳವಡಿಕೆ ಉಚಿತವೆಂದಲ್ಲಿ ಆರು ತಿಂಗಳು ಅಥವಾ ಒಂದು ವರ್ಷದ ಮುಂಗಡ ಪಾವತಿಯ ಷರತ್ತು ಇದೆಯೇ ಎಂದು ನೋಡಬೇಕು.

ಈ) ಕುಟುಂಬದ ಒಟ್ಟು ಲೆಕ್ಕ: ನಾಲ್ಕು ಜನರ ಕುಟುಂಬದಲ್ಲಿ ಪ್ರತಿಯೊಬ್ಬರೂ 28 ದಿನಕ್ಕೆ 300 ರೂ. ದರದ ಡೇಟಾ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ 15,600 ರೂ. ಆಗುತ್ತದೆ. ಮನೆಗೆ 7,080 ರೂ. ವೆಚ್ಚದ ಬ್ರಾಡ್‌ಬ್ಯಾಂಡ್ ಪಡೆದು, ನಾಲ್ವರೂ ವರ್ಷಕ್ಕೆ 1,900 ರೂ.ಗಳ ಕರೆ ಮಾತ್ರದ ಪ್ಯಾಕಿಗೆ ಬದಲಾದರೆ ಒಟ್ಟು 14,680 ರೂ.; ಅಂದರೆ 920 ರೂ. ಉಳಿತಾಯ. ಆದರೆ ಇಬ್ಬರು ಮಾತ್ರ ಕರೆಯ ಪ್ಯಾಕಿಗೆ ಬದಲಾಗಿ, ಹೊರಗೆ ದುಡಿಯುವ ಇಬ್ಬರು ಡೇಟಾ ಪ್ಯಾಕ್ ಮುಂದುವರಿಸಿದರೆ ಒಟ್ಟು 18,680 ರೂ.; ಅಂದರೆ ಮೊದಲಿಗಿಂತ 3,080 ರೂ. ಹೆಚ್ಚು.

ಮೇಲಿನ ಲೆಕ್ಕದಿಂದ ತಿಳಿಯುವುದೇನೆಂದರೆ, ಮೊಬೈಲ್ ಡೇಟಾ ಪ್ಯಾಕುಗಳನ್ನು ಕಡಿಮೆ ಮಾಡಿದಾಗ ಮಾತ್ರ ಮನೆಯ ಬ್ರಾಡ್‌ಬ್ಯಾಂಡ್ ಹಣ ಉಳಿಸುತ್ತದೆ. ಮಕ್ಕಳ ವ್ಯಾಸಂಗ ಅಥವಾ ಮನೆಯಿಂದ ಕೆಲಸ ಮಾಡುವ ಅಗತ್ಯವಿದ್ದಲ್ಲಿ ಹೆಚ್ಚಿನ ವೆಚ್ಚವೂ ಸಮರ್ಥನೀಯವೇ. ಆದರೆ ಅದು ಉಳಿತಾಯವೆಂಬ ಭ್ರಮೆ ಬೇಡ.

ಉ) ಕರೆ ಮಾತ್ರದ ಪ್ಯಾಕ್: ಅಂತರಜಾಲ ಬಳಸದ ಹಿರಿಯರು, ಕೀಪ್ಯಾಡ್ ಫೋನ್ ಬಳಸುವವರು ಡೇಟಾಕ್ಕೆ ಹಣ ತೆರಬೇಕಾದ ಪರಿಸ್ಥಿತಿ ಇತ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್ ತನ್ನ ನಿಯಮಗಳಿಗೆ ತಿದ್ದುಪಡಿ ತಂದು, ಕರೆ ಮತ್ತು ಸಂದೇಶಕ್ಕೆ ಮಾತ್ರ ಸೀಮಿತವಾದ ಪ್ಯಾಕನ್ನು ಪ್ರತಿ ಕಂಪನಿಯೂ ಒದಗಿಸಬೇಕೆಂದು ವಿಧಿಸಿತು. ವಿಶೇಷ ಪ್ಯಾಕುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಹೆಚ್ಚಿಸಿತು. ಸಂಖ್ಯೆಯನ್ನು ಜೀವಂತವಾಗಿಡಲು ಮಾತ್ರ ಬಯಸುವವರಿಗೆ ಇದು ಉಪಯುಕ್ತ. ಎಲ್ಲ ಕಂಪನಿಗಳ ದರಗಳನ್ನು ಟ್ರಾಯ್‌ನ ದರಪಟ್ಟಿ ಜಾಲತಾಣದಲ್ಲಿ ಒಂದೇ ಕಡೆ ಹೋಲಿಸಿ ನೋಡಬಹುದು.

5. ಎಷ್ಟು ವೇಗ ಬೇಕು

ವೇಗವನ್ನು ಎಂಬಿಪಿಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2023ರ ಜನವರಿಯಿಂದ ಈ ಕನಿಷ್ಠ ಮಿತಿ 2 ಎಂಬಿಪಿಎಸ್ ಆಗಿದೆ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಗರಿಷ್ಠ 5 ಮೆಗಾಬೈಟ್. ಏಕೆಂದರೆ 8 ಬಿಟ್ ಸೇರಿ ಒಂದು ಬೈಟ್. ಅರ್ಜಿ ಸಲ್ಲಿಕೆ, ಆನ್‌ಲೈನ್ ತರಗತಿ, ಒಂದೆರಡು ವಿಡಿಯೋ ವೀಕ್ಷಣೆ ಇಷ್ಟೇ ಇರುವ ಮನೆಗೆ ಕಂಪನಿಗಳ ಆರಂಭಿಕ ವೇಗದ ಯೋಜನೆಯೇ ಸಾಮಾನ್ಯವಾಗಿ ಸಾಕು. ಕಡಿಮೆ ಯೋಜನೆಯಿಂದ ಆರಂಭಿಸಿ ಅಗತ್ಯವೆನಿಸಿದರೆ ಮೇಲಿನದಕ್ಕೆ ಹೋಗುವುದು ಜಾಣತನ.

ಅಪರಿಮಿತ ಎಂಬ ಮಾತಿಗೂ ಮಿತಿಯುಂಟು. ನಿಗದಿತ ಪ್ರಮಾಣದ ಬಳಕೆಯ ನಂತರ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಚಲನಚಿತ್ರ ಹಾಗೂ ಧಾರಾವಾಹಿಗಳ ಚಂದಾ ಸೇರಿದ ಯೋಜನೆಯನ್ನು, ಅವುಗಳನ್ನು ನೋಡುವ ಅಭ್ಯಾಸವಿದ್ದರೆ ಮಾತ್ರ ಪಡೆಯುವುದು ಸೂಕ್ತ.

ಮನೆಯೊಳಗೆ ಮೊಬೈಲ್ ಸಂಕೇತ ದೊರೆಯದಿದ್ದರೂ ಬ್ರಾಡ್‌ಬ್ಯಾಂಡ್ ಇದ್ದಲ್ಲಿ, ಕೆಲವು ಕಂಪನಿಗಳ ವೈಫೈ ಕರೆ ಸೌಲಭ್ಯದ ಮೂಲಕ ಅದೇ ಸಂಖ್ಯೆಯಿಂದ ಮಾತನಾಡಬಹುದು. ಈ ಸೌಲಭ್ಯಕ್ಕೆ ಫೋನ್ ಹೊಂದಿಕೆಯಾಗುವುದೇ ಎಂದು ಮೊದಲೇ ವಿಚಾರಿಸಬೇಕು.

6. ಅರ್ಜಿ ಮತ್ತು ದಾಖಲೆಗಳು

ಗುರುತು ಹಾಗೂ ವಿಳಾಸದ ಪುರಾವೆಯಾಗಿ ಆಧಾರ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಇತ್ಯಾದಿಗಳಲ್ಲಿ ಯಾವುದಾದರೊಂದನ್ನು ನೀಡಬಹುದು. ಸಿಮ್ ಪಡೆಯಲು ಆಧಾರ್ ಕಡ್ಡಾಯವಲ್ಲ. ಗ್ರಾಹಕರು ಸ್ವಇಚ್ಛೆಯಿಂದ ಬಳಸಬಹುದು. 2024ರ ಜನವರಿ 1ರಿಂದ ಸಿಮ್ ನೀಡಿಕೆಯಲ್ಲಿ ಕಾಗದದ ಅರ್ಜಿಯ ಬದಲು ಡಿಜಿಟಲ್ ಪರಿಶೀಲನೆ ಜಾರಿಗೆ ಬಂದಿದೆ. ಬ್ರಾಡ್‌ಬ್ಯಾಂಡ್ ಅಳವಡಿಕೆಗೆ ಹೊಸ ವಿಳಾಸದ ಪುರಾವೆಯಾಗಿ ಬಾಡಿಗೆ ಕರಾರು ಕೇಳಬಹುದು. ಗೋಡೆ ಕೊರೆಯಲು ಮನೆಯ ಮಾಲೀಕರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆದಿರಬೇಕು.

ಹಣ ಪಾವತಿಸುವ ಮುನ್ನ ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು:

- ತೆರಿಗೆ ಸೇರಿ ಮೊದಲ ಬಿಲ್ಲಿನ ಮೊತ್ತ ಎಷ್ಟು? ರಿಯಾಯಿತಿ ಅವಧಿ ಮುಗಿದ ಮೇಲಿನ ದರ ಎಷ್ಟು?
- ರೂಟರ್ ಯಾರ ಸ್ವತ್ತು? ಸಂಪರ್ಕ ಬಿಡುವಾಗ ಹಿಂದಿರುಗಿಸಬೇಕೇ?
- ಠೇವಣಿ ಮರಳುವುದು ಹೇಗೆ, ಎಷ್ಟು ದಿನಗಳಲ್ಲಿ?
- ಮತ್ತೆ ಮನೆ ಬದಲಿಸಿದರೆ ಸ್ಥಳಾಂತರ ಶುಲ್ಕ ಎಷ್ಟು? ಮುಂಗಡದ ಗತಿಯೇನು?
- ರಸೀದಿ ಯಾರ ಹೆಸರಿನಲ್ಲಿ ದೊರೆಯುತ್ತದೆ?

ಕೊನೆಯ ಪ್ರಶ್ನೆಯು ಸ್ಥಳೀಯ ಕೇಬಲ್ ನಿರ್ವಾಹಕರಿಂದ ಸಂಪರ್ಕ ಪಡೆಯುವವರಿಗೆ ಮುಖ್ಯ. ಪರವಾನಗಿ ಹೊಂದಿದ ಅಂತರಜಾಲ ಸೇವಾ ಸಂಸ್ಥೆಯ ಹೆಸರು ರಸೀದಿಯಲ್ಲಿ ಇಲ್ಲದಿದ್ದರೆ ಮುಂದೆ ದೂರು ಸಲ್ಲಿಸುವುದು ಕಷ್ಟವಾಗುತ್ತದೆ.

7. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವುದು

ಹೊಸ ಮನೆಯಲ್ಲಿ ಈಗಿನ ಕಂಪನಿಯ ಸಂಕೇತ ದುರ್ಬಲವಾಗಿದ್ದರೆ ಹೊಸ ಸಂಖ್ಯೆ ಪಡೆಯುವ ಅಗತ್ಯವಿಲ್ಲ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ವ್ಯವಸ್ಥೆ 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಗೆ ಬಂದಿತು. 2015ರ ಜುಲೈ 3ರಿಂದ ಬೇರೆ ರಾಜ್ಯಕ್ಕೆ ಹೋದವರೂ ಈ ಸೌಲಭ್ಯ ಪಡೆಯಬಹುದಾಗಿದೆ. ಮುಂಬಯಿಯಿಂದ ಹುಬ್ಬಳ್ಳಿಗೆ ಮರಳಿದ ಕುಟುಂಬವೂ ಹಳೆಯ ಸಂಖ್ಯೆಯನ್ನೇ ಮುಂದುವರಿಸಬಹುದು.

ಕ್ರಮ: ಈಗಿನ ಸಂಖ್ಯೆಯಿಂದ ಪೋರ್ಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಸ್ಥಳ ಬಿಟ್ಟು, ಹತ್ತು ಅಂಕಿಗಳ ಸಂಖ್ಯೆಯನ್ನು ನಮೂದಿಸಿ 1900ಕ್ಕೆ ಸಂದೇಶ ಕಳುಹಿಸಬೇಕು. ಪ್ರತ್ಯುತ್ತರವಾಗಿ ಬರುವ ವಿಶಿಷ್ಟ ಸಂಕೇತವು ಕರ್ನಾಟಕದಲ್ಲಿ 4 ದಿನ ಮಾತ್ರ ಊರ್ಜಿತದಲ್ಲಿರುತ್ತದೆ. ಅದರೊಂದಿಗೆ ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಈಗಿನ ಕಂಪನಿಯಲ್ಲಿ ಕನಿಷ್ಠ 90 ದಿನ ಪೂರೈಸಿರಬೇಕು. ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಪ್ರೀಪೇಯ್ಡ್ ಖಾತೆಯಲ್ಲಿ ಉಳಿದ ಮೊತ್ತ ವರ್ಗಾವಣೆಯಾಗುವುದಿಲ್ಲ. ಆದ್ದರಿಂದ ಪ್ಯಾಕಿನ ಅವಧಿ ಮುಗಿಯುವ ಹೊತ್ತಿಗೆ ಬದಲಿಸುವುದು ಲಾಭಕರ. ಸಿಮ್ ಬದಲಾಯಿಸಿದ 7 ದಿನಗಳೊಳಗೆ ಈ ಸಂಕೇತ ದೊರೆಯದೆಂಬ ನಿಯಮ 2024ರ ಜುಲೈಯಿಂದ ಜಾರಿಯಲ್ಲಿದೆ. ವಂಚಕರು ಸಿಮ್ ಕಬಳಿಸುವುದನ್ನು ತಡೆಯುವುದು ಇದರ ಉದ್ದೇಶ.

ಸ್ಥಿರ ದೂರವಾಣಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಬ್ಯಾಂಕು ಮತ್ತು ಸರ್ಕಾರಿ ದಾಖಲೆಗಳಿಗೆ ಮೊಬೈಲ್ ಸಂಖ್ಯೆಯನ್ನೇ ನೀಡಲು ಇದೂ ಒಂದು ಕಾರಣ.

8. ಸೇವೆಯಲ್ಲಿ ಲೋಪವಾದಲ್ಲಿ

ಮೊದಲ ಹಂತ: ಕಂಪನಿಯ ದೂರು ಕೇಂದ್ರ. ಬಹುತೇಕ ಮೊಬೈಲ್ ಕಂಪನಿಗಳಿಗೆ ಇದರ ಸಂಖ್ಯೆ 198. ದೂರಿಗೆ ನೀಡುವ ನೋಂದಣಿ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ಮುಂದಿನ ಹಂತಗಳು ಕಠಿಣ.

ಎರಡನೆಯ ಹಂತ: ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ದೂರು ಬಗೆಹರಿಯದಿದ್ದಲ್ಲಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಇದಕ್ಕೆ ಶುಲ್ಕವಿಲ್ಲ. 39 ದಿನಗಳಲ್ಲಿ ತೀರ್ಮಾನವಾಗಬೇಕು.

ನಂತರದ ಮಾರ್ಗಗಳು: ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆಯ ಮೂಲಕ ದೂರಸಂಪರ್ಕ ಇಲಾಖೆಗೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಸೇವೆಗೆ ತೆತ್ತ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿಲ್ಲ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕರ ಆಯೋಗ ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಟ್ರಾಯ್ ಸಂಸ್ಥೆಯು ವೈಯಕ್ತಿಕ ದೂರುಗಳನ್ನು ಇತ್ಯರ್ಥಪಡಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಜಿಲ್ಲೆಯೊಂದರಲ್ಲಿ ಮೊಬೈಲ್ ಜಾಲ 24 ಗಂಟೆಗೂ ಮೀರಿ ಸ್ಥಗಿತಗೊಂಡಲ್ಲಿ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ರಿಯಾಯಿತಿ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ನೀಡಬೇಕೆಂದು 2024ರ ಗುಣಮಟ್ಟ ನಿಯಮಗಳು ಹೇಳುತ್ತವೆ. ನೈಸರ್ಗಿಕ ವಿಕೋಪದಿಂದಾದ ಕಡಿತಕ್ಕೆ ಇದು ಅನ್ವಯಿಸದು.

9. ಎಚ್ಚರಿಕೆಗಳು

ಅ) ಸಂಖ್ಯೆ ಎರಡು ಗಂಟೆಯಲ್ಲಿ ರದ್ದಾಗುತ್ತದೆ ಎಂದು ಹೆದರಿಸಿ ಓಟಿಪಿ ಕೇಳುವ ಕರೆಗಳನ್ನು ನಂಬಬಾರದು. ಟ್ರಾಯ್ ಅಂತಹ ಕರೆ ಮಾಡುವುದಿಲ್ಲ. ಹಣ ಕಳೆದುಕೊಂಡಲ್ಲಿ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಆ) ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಿಮ್‌ಗಳಿಗೆ ಅವಕಾಶವಿದೆ. ತಮ್ಮದಲ್ಲದ ಸಂಖ್ಯೆ ಕಂಡುಬಂದರೆ ಅಲ್ಲಿಯೇ ವರದಿ ಮಾಡಬಹುದು.

ಇ) ಮನೆ ಸಾಗಿಸುವಾಗ ಫೋನ್ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಅದೇ ಜಾಲತಾಣದಲ್ಲಿ ಫೋನನ್ನು ನಿರ್ಬಂಧಿಸಬಹುದು.

ಈ) ಹಳೆಯ ಮನೆಯ ಬ್ರಾಡ್‌ಬ್ಯಾಂಡ್ ರದ್ದತಿಗೆ ಲಿಖಿತ ಕೋರಿಕೆ ಸಲ್ಲಿಸಿ, ರೂಟರ್ ಹಿಂದಿರುಗಿಸಿದ್ದಕ್ಕೆ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ಹೇಳಿ ಹೊರಟರೆ ಬಿಲ್ಲು ಬೆಳೆಯುತ್ತಲೇ ಇರುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇವಾ ಸಿಂಧುವಿನಲ್ಲಿ ಅರ್ಜಿ ಸಲ್ಲಿಸಿದ್ದೇನೆ. ಈಗ ಕಂಪನಿ ಬದಲಿಸಿದರೆ ತೊಂದರೆಯಾಗುವುದೇ?
ಉತ್ತರ: ಸಂಖ್ಯೆ ಅದೇ ಇರುವುದರಿಂದ ಅರ್ಜಿಗೆ ಬಾಧಕವಿಲ್ಲ. ಆದರೆ ಬದಲಾವಣೆಯ ದಿನ ಕೆಲವು ಗಂಟೆ ಸೇವೆ ನಿಲ್ಲಬಹುದು. ಆ ದಿನ ಓಟಿಪಿ ಅಗತ್ಯವಿರುವ ಕೆಲಸ ಇಟ್ಟುಕೊಳ್ಳಬಾರದು.

ಪ್ರಶ್ನೆ: ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಹೋಗುತ್ತಿಲ್ಲ. ಕಾರಣವೇನು?
ಉತ್ತರ: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲಿಗೆ ಕರೆ ಮಾಡುವಾಗ ಸಂಖ್ಯೆಯ ಮೊದಲು ಸೊನ್ನೆ ಒತ್ತಬೇಕು.

ಪ್ರಶ್ನೆ: ತಾಯಿಯವರು ಊರಿನಲ್ಲಿದ್ದಾರೆ, ಕರೆ ಬರುವುದು ಮಾತ್ರ ಸಾಕು. ಏನು ಮಾಡಬೇಕು?
ಉತ್ತರ: ಕರೆ ಮಾತ್ರದ ದೀರ್ಘಾವಧಿಯ ಪ್ಯಾಕ್ ಹಾಕಿಸಿ, ಅದು ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು. ಖಾತೆಯಲ್ಲಿ 20 ರೂ.ಗಿಂತ ಕಡಿಮೆಯಾಗದಂತೆ ಮೊತ್ತ ಉಳಿಸಬೇಕು. ಪಿಂಚಣಿ ಜಮೆಯಾದ ಸಂದೇಶ ಅವರಿಗೆ ತಲುಪುವುದು ಆ ಸಂಖ್ಯೆಯ ಮೂಲಕವೇ.